ಲಾಲಪ್ಪನ ಇಂಗ್ಲಿಷ್ ಪ್ರತಿಜ್ಞೆ

ಕೆಲಸಕ್ಕೆ ಸೇರುವಾಗ ಇಂಗ್ಲಿಷ್ ಓದಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಲಾಲಪ್ಪ ಸುಮ್ಮನೆ ತಲೆಯಾಡಿಸಿಬಿಟ್ಟಿದ್ದ. ಹಾಳಾದ ತಲೆ! ಅದು ಇಂದು ಅವನ ಕುತ್ತಿಗೆಗೇ ಬಂದಿತ್ತು. ಭೋಸರಿಯ ಆ ಕಾರ್ಖಾನೆಯಲ್ಲಿ ಪಾಳಿ ಶುರುವಾಗುವ ಮೊದಲು ಒಬ್ಬ ಕೆಲಸಗಾರ ಸುರಕ್ಷತೆಯ ಪ್ರತಿಜ್ಞೆಯನ್ನು ಇಂಗ್ಲಿಷಿನಲ್ಲಿ ಓದುವುದು ಪದ್ಧತಿ. ಇಂದು ಮುಂಬೈಯಿಂದ ದೊಡ್ಡ ಸಾಹೇಬರು ಬರುವವರಿದ್ದರು, ಓದುವ ಸರದಿ ಲಾಲಪ್ಪನದು. ಸುಳ್ಳು ಬಯಲಾದರೆ ಸೀದಾ ಗೇಟಿನ ಹೊರಗೆ.

ಅವನಿಗೆ ಅಕ್ಷರಗಳ ಗುರುತಿತ್ತು, ಅಷ್ಟೇ. ಬೆಳಿಗ್ಗೆ ಎದ್ದವನೇ ಪ್ರತಿಜ್ಞೆಯ ಹಾಳೆ ಹಿಡಿದು ಪಕ್ಕದ ಖೋಲಿಯ ಪ್ರೇಮಕುಮಾರನ ಬಾಗಿಲು ಬಡಿದ. ಪ್ರೇಮಕುಮಾರ ಕಾಲೇಜು ಬಿಟ್ಟಿದ್ದರೂ ಸಲಹೆ ಕೊಡುವುದನ್ನು ಬಿಟ್ಟಿರಲಿಲ್ಲ.

“ಕ್ನೈಫ್...” ಎಂದು ಲಾಲಪ್ಪ ಶುರುಮಾಡಿದ.

“ನೈಫ್ ಅನ್ರಿ ಕಾಕಾ. ಕೆ ಅನ್ನಬಾರದು.”

“ಇಲ್ಲೇ ಬರದಾರಲ್ಲೋ!”

“ಬರದಿರ್ತಾರ, ಅನ್ನೂದಿಲ್ಲ.”

“ಅನ್ನೂದಿಲ್ಲಂದ್ರ ಯಾಕ ಬರೀಬೇಕು?”

ನಳಕ್ಕೆ ಕೊಡ ಹಿಡಿದಿದ್ದ ನೆರೆಮನೆಯ ಅನುಸೂಯಾ ಅಲ್ಲಿಂದಲೇ ಬಾಯಿ ಹಾಕಿದಳು. “ಲಗ್ನಪತ್ರಿಕಾದಾಗ ಎಮ್ಮೆಲ್ಲೆ ಹೆಸರು ಹಾಕ್ಸಂಗಿಲ್ಲೇನ್ರಿ ಅಣ್ಣಾರ? ಅವ್ರು ಬರ್ತಾರೇನು? ಹಂಗ ಅದು.”

“ಕ್ಲೈಂಬ್‌ನ್ಯಾಗ ಬಿ ನುಂಗ್ರಿ,” ಎಂದ ಪ್ರೇಮಕುಮಾರ. “ನಂಬರ್‌ನ್ಯಾಗ ಬಿ ನುಂಗಬ್ಯಾಡ್ರಿ.”

“ಅದ್ಯಾಕೋ ಮಾರಾಯ?”

“ಅದು ಹಂಗ.”

ಬಸ್ಸು ಹತ್ತುವ ಹೊತ್ತಿಗೆ ಯಾವುದನ್ನು ನುಂಗಬೇಕು, ಯಾವುದನ್ನು ಅನ್ನಬೇಕು ಎಲ್ಲವೂ ಕಲಸಿಹೋಗಿತ್ತು.

ಸೊಲ್ಲಾಪುರದ ಕಡೆಯ ಸೂಪರ್‌ವೈಜರ್ ಮಧುಕರ ಬಾಗಿಲಲ್ಲೇ ಕಾಯುತ್ತಿದ್ದ. ಸಾಹೇಬರ ಎದುರಿಗೆ ಮಷೀನು ನಿಂತಿದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಅಂದು ಎಲ್ಲ ಪ್ರೆಸ್ಸುಗಳನ್ನೂ ಓಡಿಸಿಟ್ಟಿದ್ದ. ಧಡ್ ಧಡ್ ಎಂದು ನೆಲವೇ ನಡುಗುತ್ತಿತ್ತು. ನಿಯಮದಂತೆ ಸಾಹೇಬರೂ ಸೇರಿ ಎಲ್ಲರೂ ಕಿವಿಗೆ ರಬ್ಬರಿನ ಬಿರಡೆ ತುರುಕಿಕೊಂಡು, ಬಲಗೈ ಮುಂದೆ ಚಾಚಿ ನಿಂತರು.

ಲಾಲಪ್ಪ ಬಾಯಿ ತೆರೆದ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ತುಟಿ ಅಲ್ಲಾಡಿತು, ಸ್ವರ ಮಾತ್ರ ಹೊರಡಲೇ ಇಲ್ಲ. ಇವತ್ತಿಗೆ ಮುಗಿಯಿತು ನನ್ನ ಕತೆ ಎಂದುಕೊಂಡು ಕದ್ದು ನೋಡಿದರೆ ಸಾಹೇಬರು ಗಂಭೀರವಾಗಿ ತಲೆದೂಗುತ್ತಿದ್ದಾರೆ! ಅವನಿಗೆ ಜೀವ ಬಂತು. ತುಟಿಯನ್ನು ಇನ್ನಷ್ಟು ಜೋರಾಗಿ ಆಡಿಸಿದ, ನಡುನಡುವೆ ಹುಬ್ಬನ್ನೂ ಏರಿಸಿದ. ಕೊನೆಗೆ ಹಾಳೆ ಮಡಚಿದಾಗ ಸಾಹೇಬರೇ ಮೊದಲು ಚಪ್ಪಾಳೆ ತಟ್ಟಿದರು.

ಬದುಕಿದೆಯಾ ಬಡಜೀವವೇ ಎಂದು ಲಾಲಪ್ಪ ಅಂಗಳದ ನಳದಲ್ಲಿ ಗಟಗಟ ನೀರು ಕುಡಿಯುತ್ತಿದ್ದಾಗ ಮಧುಕರ ಓಡಿಬಂದ.

“ಲಾಲಪ್ಪಾ, ಸಾಹೇಬ್ರು ಭಾಳ ಖುಷ್ ಆಗ್ಯಾರ! ನೀ ಓದೂದನ್ನ ವಿಡಿಯೋ ಮಾಡಿ ಎಲ್ಲಾ ಕಾರ್ಖಾನಿಗೂ ಕಳಸ್ತಾರಂತ. ಮ್ಯಾಲಿನ ಖೋಲ್ಯಾಗ ಮೈಕ್ ಇಟ್ಟಾರ, ಸಾಹೇಬ್ರೂ ಅಲ್ಲೇ ಕುಂತಾರ. ನಡಿ, ನಡಿ!”

“ಈ... ಈಗೇನ್ರಿ ಸಾಹೇಬ್ರ?”

ಮಧುಕರ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

“ಹೆದರಬ್ಯಾಡೋ. ಅಲ್ಲಿ ಈ ಹಾಳ ಮಷೀನಿನ ಗದ್ದಲಾ ಏನೂ ಇಲ್ಲ. ನಿನ್ನ ಒಂದೊಂದು ಅಕ್ಷರಾನೂ ಚಂದಾಗಿ ಕೇಳಸ್ತದ!”