ಗಾಜಿನ ಕೆಳಗೆ ಉಸಿರಾಡಿದ ಕೇಕು

ನನ್ನ ಗಂಡನ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದು ಡಾಕ್ಟರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು?"

"ಗ್ರೇಡ್ ಎರಡು," ಎಂದರು.

ಇವರಿಗೆ ಓದುವಾಗಲೂ ಎರಡನೇ ದರ್ಜೆಯೇ. (ನನಗೆ ಎಲ್ಲದರಲ್ಲೂ ಮೊದಲನೆಯದು. ಹೆಮ್ಮೆಗೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.) "ಮೂರಕ್ಕೆ ಹೋದ್ರೆ ಗಟ್ಟಿಯಾಗೋಕೆ ಶುರುವಾಗಬಹುದು. ಆಮೇಲೆ ಹಿಂದಕ್ಕೆ ತರೋದು ಕಷ್ಟ," ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಾನು ಇವರ ಕೈ ಹಿಡಿದುಕೊಂಡೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇದು ಎರಡನೇ ಸಲ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಇವರು ಬಸ್ ಡಿಪೋದಲ್ಲಿ ಬಸ್ಸು ಹೊರಡುವ, ಬರುವ ಹೊತ್ತು ಬರೆದುಕೊಳ್ಳುವ ಕೆಲಸದವರು. ಇಪ್ಪತ್ತೆರಡು ವರ್ಷಗಳಿಂದ ದಿನಾ ಸಂಜೆ ನಾಲ್ಕು ಹತ್ತಕ್ಕೆ, ಚಹಾದ ಜೊತೆ, ಜೋಡಿ ಪೊಟ್ಟಣದ ಎರಡು ಹಳದಿ ಕೇಕು. ಪೊಟ್ಟಣದ ಹಿಂದೆ ಹತ್ತೊಂಬತ್ತು ಪದಾರ್ಥಗಳ ಪಟ್ಟಿ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬದುಕು ಸವೆಸಿದವಳು ನಾನು. ಅವುಗಳಲ್ಲಿ ಹನ್ನೊಂದನ್ನು ಅಡುಗೆಮನೆಯ ಡಬ್ಬಿಗಳಲ್ಲಿ ಎಂದೂ ಕಂಡಿರಲಿಲ್ಲ, ಪ್ರಯೋಗಾಲಯದ ಬೀರುವಿನಲ್ಲಿ ಕಂಡಿದ್ದೆ.

"ಕಂಪನಿ ಮೇಲೆ ಕೇಸು ಹಾಕ್ತೀನಿ," ಎಂದೆ.

"ಬಾಯಿಗೆ ಇಟ್ಟಿದ್ದು ನನ್ನ ಮಗನ ಕೈ ಅಲ್ವೇನಮ್ಮ? ಕೈ ಮೇಲೆ ಹಾಕು," ಎಂದರು ಅತ್ತೆ. ಅವರಿಗೆ ಎಂಬತ್ತಮೂರು. ಮಂಡಿ ಸೋತಿದೆ, ನಾಲಿಗೆ ಸೋತಿಲ್ಲ.

ಇವರು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಕೇಸಿಗಾಗಿ ನಾನು ಗೊತ್ತುಮಾಡಿದ ವಕೀಲೆ ಅದನ್ನು ಪ್ರಮಾಣಪತ್ರದಲ್ಲಿ ಬರೆಸಿ ಸಹಿ ಹಾಕಿಸಿದರು. "ಪಟ್ಟಿ ತೋರಿಸಿದ್ರೆ ಸಾಲದು ಮೇಡಂ. ಕಣ್ಣಿಗೆ ಕಾಣೋವಂಥದ್ದು ಏನಾದ್ರೂ ಬೇಕು," ಎಂದರು.

ಆಗ ನನಗೆ ಆ ದಿವ್ಯ ಯೋಚನೆ ಹೊಳೆಯಿತು.

ಫ್ರಿಜ್ಜಿನ ಮೇಲೆ ಎರಡು ಗಾಜಿನ ಗುಮ್ಮಟ ಇಟ್ಟೆ. ಒಂದರ ಕೆಳಗೆ ಕಂಪನಿಯ ಕೇಕು. ಇನ್ನೊಂದರ ಕೆಳಗೆ, ಹೋಲಿಕೆಗಾಗಿ, ನಾನೇ ಮಾಡಿದ್ದು. ಕಂಪನಿಯ ಅದೇ ತಯಾರಿಕೆಯ ಇಪ್ಪತ್ತನಾಲ್ಕು ಕೇಕುಗಳ ಒಂದು ಡಬ್ಬವನ್ನು ಮೀಸಲು ಮಾದರಿಯಾಗಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದಿನಾ ಬೆಳಗ್ಗೆ ಹತ್ತಕ್ಕೆ ತೂಕ. ದಿನ ೧, ದಿನ ೨ ಎಂದು ಪುಸ್ತಕದಲ್ಲಿ ದಾಖಲೆ.

ನನ್ನ ಕೇಕು ನಾಲ್ಕನೆಯ ದಿನ ಮುಗ್ಗಿತು, ಆರನೆಯ ದಿನ ಹಸಿರು ಗಡ್ಡ ಬಿಟ್ಟಿತು. ಅದಕ್ಕೆ ಗೌರವದಿಂದ ಗಿಡದ ಬುಡದಲ್ಲಿ ಜಾಗ ಕೊಟ್ಟೆ. ಕಂಪನಿಯದು ಮಾತ್ರ ಹಾಗೇ ಕೂತಿತ್ತು. ಫ್ರಿಜ್ಜಿನ ಹಿಂದಿನಿಂದ ಏರಿದ ಇರುವೆಗಳ ಸಾಲು ಗುಮ್ಮಟದ ಹತ್ತಿರ ಬಂದು, ನಿಂತು, ಬಳಸಿಕೊಂಡು ಹೋಗುತ್ತಿತ್ತು.

ತೂಕ ದಿನಕ್ಕೆ ಸುಮಾರು ಮುಕ್ಕಾಲು ಗ್ರಾಂ ಇಳಿಯುತ್ತಿತ್ತು. ನೀರು ಆರುವುದು ಸಹಜ. ಏಳನೆಯ ದಿನ ಐವತ್ತೈದೂವರೆ. ಎಂಟನೆಯ ದಿನ ಬೆಳಗ್ಗೆ ಅರವತ್ತು.

ತಕ್ಕಡಿ ಒರೆಸಿ ಮತ್ತೆ ತೂಗಿದೆ. ಅರವತ್ತೇ. ಬೆರಳಿನಿಂದ ಒತ್ತಿದೆ. ಗುಳಿ ಬಿತ್ತು, ನಿಧಾನವಾಗಿ, ನಿದ್ದೆಯಿಂದ ಎದ್ದವರ ಹಾಗೆ, ಮೇಲೆ ಬಂತು. ವೆನಿಲಾ ವಾಸನೆ ಮೊದಲ ದಿನದಷ್ಟೇ ಗಾಢವಾಗಿತ್ತು.

ಹದಿನೈದನೆಯ ದಿನ ಮತ್ತೆ ಏರಿತು. ಇಪ್ಪತ್ತೆರಡನೆಯ ದಿನ ಮತ್ತೆ. ನಕ್ಷೆ ಬರೆದರೆ ಗರಗಸದ ಹಲ್ಲು. ನಾನು ಮೂರು ಊಹೆಗಳನ್ನು ಒಂದೊಂದಾಗಿ ತಳ್ಳಿಹಾಕಿದೆ: ತಕ್ಕಡಿಯ ದೋಷ, ಗಾಳಿಯ ತೇವ, ಅತ್ತೆ. (ಅವರ ಕೈ ಅಷ್ಟೆತ್ತರ ಹೋಗುವುದಿಲ್ಲ.) ಗಂಡನನ್ನು ಊಹೆಗಳ ಸಾಲಿಗೇ ಸೇರಿಸಲಿಲ್ಲ, ಅವರು ಮಾತು ಕೊಟ್ಟಿದ್ದರು. ಕೊನೆಗೆ ಉಳಿದದ್ದು ಬರೆಯಲು ನಾಚಿಕೆಯಾಗುವಂಥದ್ದು: ಏಳು ದಿನಗಳ ಆವರ್ತ ಚಂದ್ರನ ಕಾಲುಭಾಗಕ್ಕೆ ಸರಿಹೊಂದುತ್ತಿತ್ತು. ವಿಜ್ಞಾನದ ಪದವೀಧರೆಯಾದ ನಾನು ಕಿಟಕಿಯಿಂದ ಚಂದ್ರನನ್ನು ನೋಡಿ, ತಿರುಗಿ ಕೇಕನ್ನು ನೋಡಿದೆ.

"ಅದು ಉಸಿರಾಡ್ತಿದೆ," ಎಂದೆ ಊಟದ ಹೊತ್ತಿನಲ್ಲಿ.

ಇವರ ಕೈಯ ಚಮಚ ತಟ್ಟೆಗೆ ಬಿತ್ತು. ಮುಖ ಬಿಳಿಚಿತು. ಪಾಪ, ಹೆದರಿದರು ಎಂದುಕೊಂಡೆ.

"ನಾನು ಅದಕ್ಕೆ ಬೆನ್ನು ಹಾಕಿ ಕೂರಲ್ಲ," ಎಂದು ಅತ್ತೆ ಕುರ್ಚಿ ತಿರುಗಿಸಿಕೊಂಡರು. "ನೀವಿಬ್ಬರೂ ಅದನ್ನ ನೋಡೋ ರೀತಿ ನೋಡಿದ್ರೆ ನಂಗೆ ಇನ್ನೂ ಭಯ."

ತೂಕ ಏರಿದ ದಿನಗಳಲ್ಲೆಲ್ಲ ಮೀಸಲು ಡಬ್ಬದಿಂದ ಒಂದು ಕೇಕು ತೆಗೆದು ಹೋಲಿಸುತ್ತಿದ್ದೆ: ಬಣ್ಣ, ಮೃದುತ್ವ, ವಾಸನೆ. (ರುಚಿಯೂ. ಪರೀಕ್ಷೆ ಪೂರ್ಣವಾಗಬೇಕಲ್ಲ? ಒಂದು ಚಿಟಿಕೆ, ಅಷ್ಟೇ. ಒಂದೇ ಸಲದ ಅಳತೆಯನ್ನು ನಂಬುವಂತಿಲ್ಲವಾದ್ದರಿಂದ ಆಮೇಲೆ ಮೂರು ಸಲ.)

ನಲವತ್ತಮೂರು ದಿನಗಳ ನಕ್ಷೆ ಹಿಡಿದು ನ್ಯಾಯಾಲಯದ ರಾಜಿ ಮಾತುಕತೆಯ ಕೊಠಡಿಗೆ ಹೋದೆವು. ಕಂಪನಿಯ ಪರವಾಗಿ ತಜ್ಞರೊಬ್ಬರು ಬಂದಿದ್ದರು: ತೆಳ್ಳನೆಯ ಮುದುಕರು, ಬೆರಳ ತುದಿಗಳಲ್ಲಿ ನನ್ನ ಬೆರಳಲ್ಲಿರುವಂಥದ್ದೇ ಹಳೆಯ ಆಮ್ಲದ ಕಲೆ. ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಇದನ್ನ ಇಷ್ಟು ಮೆತ್ತಗೆ ಮಾಡಿದ್ದು ನಾನೇ ಅಮ್ಮ," ಎಂದರು. "ಇದು ಒಣಗುತ್ತೆ. ನಿಧಾನ, ಆದ್ರೆ ಒಣಗುತ್ತೆ. ತೂಕ ಏರೋದಿಲ್ಲ. ನೀವು ವಾರ ಬರೆದಿಲ್ಲ, ದಿನದ ಸಂಖ್ಯೆ ಮಾತ್ರ ಬರೆದಿದ್ದೀರಿ. ಏರೋ ಹಿಂದಿನ ದಿನ ಯಾವ ವಾರ?"

ಬೆರಳಲ್ಲಿ ಎಣಿಸಿದೆ. ಏಳು, ಹದಿನಾಲ್ಕು, ಇಪ್ಪತ್ತೊಂದು. "ಗುರುವಾರ."

"ಗುರುವಾರ ನೀವು ಎಲ್ಲಿರ್ತೀರಿ?"

"ನನ್ನ ಆಫೀಸಲ್ಲಿ," ಎಂದರು ನಮ್ಮ ವಕೀಲೆ, ಮೆಲ್ಲಗೆ.

ಗುರುವಾರ ಇವರಿಗೆ ವಾರದ ರಜೆ. ಕೊಠಡಿಯ ಕುರ್ಚಿಗಳೆಲ್ಲ ಕಿರ್ರೆಂದು ನನ್ನ ಗಂಡನ ಕಡೆ ತಿರುಗಿದವು.

"ಅಮ್ಮ ಮಲಗಿರ್ತಾಳೆ," ಎಂದರು ಇವರು, ನೆಲ ನೋಡುತ್ತಾ. "ಮನೆ ಖಾಲಿ. ನಾಲ್ಕು ಹತ್ತು ಆಗುತ್ತೆ. ಅದು ಗಾಜಿನ ಒಳಗಿಂದ ನನ್ನನ್ನೇ ನೋಡ್ತಾ ಇರುತ್ತೆ ಕಣೇ. ಒಂದು ಪೊಟ್ಟಣ ತಂದು, ಒಂದನ್ನ ಅಲ್ಲಿಡ್ತೀನಿ. ಇನ್ನೊಂದನ್ನ ತಿಂತೀನಿ. ಆ ಹಳೇದನ್ನೂ."

"ಒಣಗಿದ್ದನ್ನ ಕೂಡ!" ಎಂದೆ.

"ಬಿಡೋಕಾಗಲಿಲ್ಲ. ಸಹಿ ಹಾಕಿದ ಮೇಲೆ ದೇಹ ಮಾತು ಕೇಳುತ್ತೆ ಅಂದ್ಕೊಂಡಿದ್ದೆ."

ಮುದುಕರು ಮುಂದೆ ಬಾಗಿದರು. "ಯಾಕೆ ಬಿಡೋಕಾಗಲಿಲ್ಲ, ಹೇಳ್ತೀರಾ?"

ಇವರು ಮೊದಲ ಸಲ ತಲೆಯೆತ್ತಿದರು. "ಮಾಡಿದ್ದು ನೀವಲ್ವಾ ಯಜಮಾನ್ರೇ. ನೀವೇ ಹೇಳಿ."

ಮುದುಕರು ಪೆನ್ನಿಗೆ ಮುಚ್ಚಳ ಹಾಕಿದರು. ಕಂಪನಿಯ ವಕೀಲರು ಅವಸರದಿಂದ ಮುಂದಿನ ದಿನಾಂಕ ಕೇಳಿದರು.

ಹೊರಗೆ ಬಂದ ಮೇಲೆ ನಮ್ಮ ವಕೀಲೆಯ ಕಣ್ಣು ಹೊಳೆಯುತ್ತಿತ್ತು. "ಸುಳ್ಳು ಪ್ರಮಾಣಪತ್ರ ಕ್ಷಮೆ ಕೇಳಿ ವಾಪಸ್ ತಗೊಳ್ಳೋಣ. ಕೆಡದ ಕೇಕು ನಮ್ಮ ಸಾಕ್ಷಿ ಅಲ್ಲ ಮೇಡಂ, ಬಿಡಲಾಗದ ಮನುಷ್ಯ ಸಾಕ್ಷಿ. ಇನ್ಮೇಲೆ ಇವರನ್ನ ತೂಗಿ. ಮೂರು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್. ಹೋಲಿಕೆಗೆ ಅದೇ ಮನೆ, ಅದೇ ಊಟ, ಆದ್ರೆ ಕೇಕು ಮುಟ್ಟದೋರು ಒಬ್ಬರು ಬೇಕು. ನೀವಿದ್ದೀರಲ್ಲ!"

ನಾನು ಒಪ್ಪಿದೆ. ಬೇರೆ ದಾರಿ ಇರಲಿಲ್ಲ.

ಸಿಕ್ಕಿಬಿದ್ದ ನಾಚಿಕೆಗೋ, ದಿನಾ ಡಿಪೋದಿಂದ ನಡೆದು ಬಂದದ್ದಕ್ಕೋ, ಇವರ ತೂಕ ಇಳಿಯುತ್ತಾ ಹೋಯಿತು. ಮೂರು ತಿಂಗಳಾದ ಮೇಲೆ ಅದೇ ಡಾಕ್ಟರು ಎರಡು ವರದಿಗಳನ್ನು ಮೇಜಿನ ಮೇಲಿಟ್ಟರು.

"ಇವರು ಗ್ರೇಡ್ ಒಂದಕ್ಕೆ ಬಂದಿದ್ದಾರೆ, ಶಭಾಷ್," ಎಂದು ಇವರ ಬೆನ್ನು ತಟ್ಟಿ, ನನ್ನ ಕಡೆ ತಿರುಗಿದರು. "ನೀವು ಎರಡು."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ವರದಿ ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಬೀರು ತೆಗಿ ಮಗನೇ," ಎಂದರು.

ಬೀರುವಿನಲ್ಲಿ ಮೀಸಲು ಮಾದರಿಯ ಡಬ್ಬ ಖಾಲಿಯಿತ್ತು. ಅದರ ಹಿಂದೆ ಎರಡನೆಯದೂ ಖಾಲಿ. ಮೂರನೆಯದರಲ್ಲಿ ಐದು ಉಳಿದಿದ್ದವು. ಮೊದಲನೆಯದು ನಾನು ತಂದದ್ದು. ಉಳಿದೆರಡನ್ನು ತಂದ ನೆನಪು ನನಗೆ ಸ್ಪಷ್ಟವಾಗಿಲ್ಲ.

"ಪರೀಕ್ಷೆಗೆ," ಎಂದೆ.

"ಗೊತ್ತು ಕಣೇ," ಎಂದರು ಇವರು. ಬೈಯಲಿಲ್ಲ. ಐದನ್ನೂ ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಬಂದು ನನ್ನ ಕೈ ಹಿಡಿದುಕೊಂಡರು. ಅದು ಮೂರನೇ ಸಲ.

ಹೊಸ ಅರ್ಜಿಯಲ್ಲಿ ಬಾಧಿತರ ಜಾಗದಲ್ಲಿ ನನ್ನ ಹೆಸರೂ ಇದೆ. ನಿನ್ನೆ ವಿಚಾರಣೆಯ ತಯಾರಿಗೆಂದು ಪುಸ್ತಕ ತೆರೆದೆ. ದಾಖಲೆ ಬರೆಯುವವರು ಈಗ ಇವರು, ತೂಗಿಸಿಕೊಳ್ಳುವವಳು ನಾನು. ಬಸ್ಸು ಬರೆದು ಪಳಗಿದ ಅಚ್ಚುಕಟ್ಟಾದ ಅಕ್ಷರ. ಕೊನೆಯ ಸಾಲು ಹೀಗಿತ್ತು:

"ಗುರುವಾರ, ಸಂಜೆ ೪.೧೦. ಬಂದು ಖಾಲಿ ಗುಮ್ಮಟದ ಮುಂದೆ ನಿಂತಳು. ೪.೩೫ಕ್ಕೆ ಹೊರಟಳು. ಕರೆದರೂ ಕೇಳಿಸಲಿಲ್ಲ."

ಗುರುವಾರ ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದೆ. ನನಗೆ ಚೆನ್ನಾಗಿ ನೆನಪಿದೆ.