ಹದಿನಾಲ್ಕು ಕರಡಿಗಳು ಆನೆಗಳಾದದ್ದು

ಒಂದು ಶನಿವಾರ ಸಂಜೆ ನಾಲ್ಕು ಐವತ್ತಕ್ಕೆ, ಹಂಗಳದ ಆಚೆಯ ಕಾಡಂಚಿನ ಮಣ್ಣುದಾರಿಯಲ್ಲಿ ನನ್ನ ಸೋದರಮಾವ ಒಂದು ಆನೆಗೆ ಪಾಠ ಮಾಡಲು ನಿಂತರು. ಲೋಕದಲ್ಲಿ ಮೇಷ್ಟರು ಬೇಕಾದಷ್ಟು ಇದ್ದಾರೆ. ವಿದ್ಯಾರ್ಥಿಯ ಗಾತ್ರ ನೋಡದೆ ಪಾಠ ಶುರುಮಾಡುವವರು ಇವರೊಬ್ಬರೇ ಇರಬೇಕು.

ಮಾವ ಆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಗುಂಡ್ಲುಪೇಟೆಗೆ ಇಂಟರ್‌ನೆಟ್ ಅಂಗಡಿ ಬಂದದ್ದೇ ಅವರಿಗೊಂದು ಹುಚ್ಚು ಹತ್ತಿತು. ಯಾವ ಯಾವುದೋ ದೇಶದ ಮೇಷ್ಟರುಗಳು ತಮ್ಮ ಪಾಠಗಳನ್ನು ಅಲ್ಲಿ ಬಿಟ್ಟಿ ಹಾಕಿರುತ್ತಾರಂತೆ. ಯಾರಾದರೂ ತೆಗೆದುಕೊಳ್ಳಬಹುದು, ಬದಲಿಸಬಹುದು, ಹಂಚಬಹುದು.

"ಕದ್ದಂಗಲ್ವಾ ಮಾವ?" ಎಂದೆ.

"ಕೊಟ್ಟೋರೇ ತಗೊಳಿ ಅಂತಾವ್ರೆ, ನಿಂಗೇನ್ಲಾ ಸಂಕಟ?"

ಲಾಭವಾಗಲಿಲ್ಲ ಎನ್ನುವಂತಿಲ್ಲ. ಅಂಥದೊಂದು ಪಾಠ ಹಿಡಿದು ಮಕ್ಕಳು ಬರೀ ನೆರಳು ಅಳೆದು ಹುಣಸೆಮರದ ಎತ್ತರ ಹೇಳಿದ್ದನ್ನು ನಾನೇ ಕಂಡಿದ್ದೇನೆ. ಪಠ್ಯಪುಸ್ತಕ ಹತ್ತು ವರ್ಷದಲ್ಲಿ ಮಾಡದ ಕೆಲಸ ಅದು. ಆದರೆ ಇನ್ನೊಂದು ಪಾಠ ಹಿಮ ಬೀಳುವ ದೇಶದ್ದು. "ಅಂಗಳದಿಂದ ಒಂದು ಬಟ್ಟಲು ಹಿಮ ತನ್ನಿ" ಎಂದಿತ್ತು. ಮಾವ ಜ್ಯೂಸ್ ಅಂಗಡಿಯಿಂದ ಐಸನ್ನು ಗೋಣಿಯಲ್ಲಿ ಸುತ್ತಿ ಮೊಪೆಡ್‌ನಲ್ಲಿ ಹೊರಟರು. ಶಾಲೆ ತಲುಪಿದ್ದು ಒದ್ದೆ ಗೋಣಿ ಮಾತ್ರ. ಅದನ್ನೇ ಎತ್ತಿ ತೋರಿಸಿದರು. "ಕರಗೋ ಪಾಠ ದಾರೀಲೇ ಮುಗೀತು ಕಣ್ರಪ್ಪ. ಈಗ ಆವಿಯಾಗೋದು ನೋಡನ."

ಕರಡಿ ಬಂದದ್ದು ಆಮೇಲೆ. 'ಕಾಡಿನಲ್ಲಿ ಕರಡಿ ಎದುರಾದರೆ' ಎಂಬ ಪಾಠವನ್ನು ಮಾವ ಕನ್ನಡಕ್ಕೆ ತಂದರು. ನಮ್ಮ ಮಕ್ಕಳಿಗೆ ಎದುರಾಗುವುದು ಆನೆಯಲ್ಲವೆ? ಒಂದು ಪದವನ್ನು ಎಲ್ಲ ಕಡೆಯೂ ಒಟ್ಟಿಗೇ ಬದಲಿಸುವ ಉಪಾಯವನ್ನು ಅಂಗಡಿಯವನು ಹೇಳಿಕೊಟ್ಟಿದ್ದ. ಒಂದು ಗುಂಡಿ ಒತ್ತಿದರು, ಹದಿನಾಲ್ಕು ಕರಡಿಗಳೂ ಆನೆಗಳಾದವು. ಉಳಿದದ್ದು ಹಾಗೇ ಇತ್ತು: ಓಡಬೇಡಿ. ಕೈಗಳನ್ನು ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ. ಗಟ್ಟಿಯಾಗಿ ಮಾತಾಡಿ. ಪದವಿ ಮುಗಿಸಿ ಮಾವನ ಮನೆಯಲ್ಲೇ ಇದ್ದ ನಾನೂ ಓದಿ, "ಚೆನ್ನಾಗದೆ" ಎಂದಿದ್ದೆ. ಆ ಶನಿವಾರ ಬೆಳಗ್ಗೆ ನಲವತ್ತೊಂದು ಮಕ್ಕಳಿಗೆ ಹಾಳೆ ಹಂಚಿಯಾಯಿತು. ಸಂಜೆ ನಮಗೇ ಪರೀಕ್ಷೆ ಬಂತು.

ತಿರುವಿನಲ್ಲಿ ಆನೆ ನಿಂತಿತ್ತು. ನನ್ನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟಿದ್ದ ಮಾವ ಮೊಪೆಡ್ ಇಳಿದು ಎರಡೂ ಕೈ ಎತ್ತಿದರು. "ನಾವು ಮನುಷ್ಯರು ಕಣಪ್ಪ. ನೀನು ಹೊಂಟೋಗು."

ಆನೆ ಕಿವಿ ಅಗಲಿಸಿತು. ದೊಡ್ಡದಾಗಿ ಕಾಣುವ ಸ್ಪರ್ಧೆಯಲ್ಲಿ ಆನೆಯನ್ನು ಸೋಲಿಸಿದವರುಂಟೆ? ಅದು ನುಗ್ಗಿ ಬಂದದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಸದ್ದಿಲ್ಲದೆ ಬಂತು, ಅದೇ ಭಯ. ನಾವಿಬ್ಬರೂ ಪಕ್ಕದ ಕಂದಕಕ್ಕೆ ಬಿದ್ದೆವು. ಆನೆಗಳು ಊರಿಗೆ ಬಾರದಿರಲೆಂದು ತೋಡಿದ್ದ ಕಂದಕ ಅದು. ಆನೆ ಮೇಲಿನಿಂದ ನಮ್ಮನ್ನು ಸಾವಕಾಶವಾಗಿ ನೋಡಿ, ಮೊಪೆಡ್ಡನ್ನು ಒಮ್ಮೆ ತುಳಿದು ಹೊರಟುಹೋಯಿತು.

ಬೇರು ಹಿಡಿದು ಹೇಗೋ ಮೇಲೆ ಹತ್ತಿದೆವು. ಮಾವ ಮೊಪೆಡ್ ಕಡೆ ತಿರುಗಿಯೂ ನೋಡಲಿಲ್ಲ. "ನಲವತ್ತೊಂದು ಮಕ್ಕಳು ಕಣ್ಲಾ," ಎಂದರು. "ಎಂಥಾ ಕೆಲಸ ಮಾಡ್ಬುಟ್ಟೆ."

ಆ ಸಂಜೆಯೇ ಕುಂಟುತ್ತ ಮನೆಮನೆಗೆ ಹೊರಟೆವು. ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ಹಾಳೆ ವಾಪಸು ಬಂದವು. ಉಳಿದದ್ದು ಕಾಡಿಗೆ ಅಂಟಿಕೊಂಡ ಕೊನೆಯ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಯದು. ಅವಳು ಮೇಕೆ ಹೊಡೆದುಕೊಂಡು ಕಾಡಿನ ಕಡೆಗೇ ಹೋಗಿದ್ದಾಳೆ ಎಂದರು ಅವರಮ್ಮ. ಮಾವ ಜಗಲಿಯ ಮೇಲೆ ಕೂರಲೂ ಇಲ್ಲ, ನೀರೂ ಮುಟ್ಟಲಿಲ್ಲ.

ಮೂರು ಗಂಟೆಗೆ ಮೇಕೆಗಳು ಬಂದವು. ಹಿಂದೆ ಅವಳು.

"ಆ ಹಾಳೆ ನಂಬ್ಬೇಡ ಕಣಮ್ಮಿ, ತಪ್ಪಾಗೋಗದೆ," ಎಂದರು ಮಾವ, ಒಂದೇ ಉಸಿರಿಗೆ.

"ಗೊತ್ತು ಸಾ. ಆನೆ ಕಂಡ್ರೆ ಕೂಗ್ಬಾರ್ದು. ಗಾಳಿ ಎತ್ಲಾಗೆ ಬೀಸ್ತದೆ ನೋಡ್ಕಂಡು ಸದ್ದು ಮಾಡ್ದೆ ದೂರ ಓಗ್ಬೇಕು. ನೆನ್ನೆ ಸ್ಕೂಲ್ ಬುಟ್ಮೇಲೆ ಎಲ್ರಿಗೂ ಏಳಿವ್ನಿ, ನಿಮ್ಗೆ ಮಾತ್ರ ಏಳ್ಬೇಡಿ ಅಂದಿವ್ನಿ."

"ಕ್ಲಾಸಲ್ಲೇ ಯಾಕಮ್ಮಿ ಹೇಳ್ನಿಲ್ಲ?"

ಅವಳು ಕಾಲುಬೆರಳಿನಿಂದ ನೆಲ ಕೆರೆದಳು. "ಎಲ್ರ ಮುಂದೆ ನಿಮ್ಗೆ ಬೇಜಾರಾಯ್ತದೆ ಅಂತ ಸುಮ್ಕಿದ್ದೆ ಸಾ."

ಮಾವ ಆಗ ಜಗಲಿಯ ಮೇಲೆ ಕೂತು, ಅವರಮ್ಮ ಕೊಟ್ಟ ನೀರನ್ನು ಪೂರ್ತಿ ಕುಡಿದರು. ಸೋಮವಾರ ಆ ಪಾಠವನ್ನು ಅವಳೇ ಬೋರ್ಡಿನ ಮುಂದೆ ನಿಂತು ಹೇಳಿದಳಂತೆ. ಮಾವ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತು ಬರೆದುಕೊಂಡರಂತೆ. ಆ ರಾತ್ರಿ ಅವರು ಒಂದೇ ಮಗ್ಗುಲಲ್ಲಿ ಗೊರಕೆ ಹೊಡೆದರು. ಅದನ್ನು ಕೇಳುತ್ತ ಕೇಳುತ್ತ, ನಾನೂ ಬೆಳಗಿನವರೆಗೆ ನಿದ್ದೆ ಮಾಡಿದೆ.