ಹೆಬ್ಬೆರಳುದ್ದದ ರಾವುತರಿಗೆ ಕುದುರೆ ಹುಡುಕಿದ್ದು

ಗೊಂಬೆಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ನಗುವಿಗೆ ಬರವಿಲ್ಲ. ಒಬ್ಬರು ಕೃಷ್ಣನ ಮೂಗು ತಮ್ಮ ಮೊಮ್ಮಗನ ಮೂಗಿನ ಹಾಗಿರಲಿ ಅಂತಾರೆ, ಇನ್ನೊಬ್ಬರು ಹುಲಿ ಸ್ವಲ್ಪ ಸಾಧುವಾಗಿ ಕಾಣಲಿ ಅಂತಾರೆ. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಸೀರೆಗೆ ಸುತ್ತಿದ ಹಳೇ ಪೇಪರುಗಳಲ್ಲಿ ಓದು ಕಲಿತು, ಚಳ್ಳಕೆರೆಯಲ್ಲಿ ಸ್ವಂತ ಬೋರ್ಡು ಹಾಕಿಸಿದವಳು. ಎಂಥೆಂಥ ಗಿರಾಕಿಗಳನ್ನು ಸುಧಾರಿಸಿದ್ದೀನಿ. ಆದರೆ ಹನ್ನೆರಡು ಕುದುರೆಗಳು ನನ್ನನ್ನು ಕುಣಿಸಿದಷ್ಟು ಯಾರೂ ಕುಣಿಸಿಲ್ಲ.

ನಡೆಯುವ ರಾವುತರು

ನಮ್ಮ ಬೀದಿಯ ನಿವೃತ್ತ ಚರಿತ್ರೆ ಮೇಷ್ಟ್ರಿಗೆ ಯುದ್ಧದಾಟದ ಹುಚ್ಚು. ಮೇಜಿನ ಮೇಲೆ ಹೆಬ್ಬೆರಳುದ್ದದ ಲೋಹದ ಸೈನಿಕರನ್ನು ನಿಲ್ಲಿಸಿ, ಟೇಪಿನಲ್ಲಿ ಅಳೆದು ಮುಂದೆ ನಡೆಸಿ, ದಾಳ ಉರುಳಿಸಿ ಕಾದಾಡುವುದು. ಎದುರಾಳಿ ಮೊಳಕಾಲ್ಮೂರಿನ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೂರು ಸಲ ಸೋತ ಮೇಷ್ಟ್ರು ಈ ಸಲ ಮೈತುಂಬ ಕಬ್ಬಿಣ ತೊಟ್ಟ ಹನ್ನೆರಡು ರಾವುತರನ್ನು ತರಿಸಿದ್ದರು. ಕುದುರೆ ಮಾತ್ರ ಬೇರೆ ಕಡೆಯಿಂದ ಬಂದಿದ್ದವು. ಬಣ್ಣ ಹಚ್ಚುವ ಮೊದಲು ಕೂರಿಸಿ ನೋಡಿದೆ. ರಾವುತರ ಪಾದ ನೆಲ ಮುಟ್ಟುತ್ತಿತ್ತು.

“ಮೇಷ್ಟ್ರೇ, ಕುದುರೆ ಇವರನ್ನ ಹೊತ್ತೈತೋ, ಇವರೇ ಕುದುರೆನ ಕಾಲಾಗೆ ಸಿಗಿಸ್ಕೊಂಡು ನಡೀತಾವ್ರೋ?”

ಮೇಷ್ಟ್ರ ಮುಖ ಸಣ್ಣದಾಯಿತು. “ಮುಂದಿನ ತಿಂಗಳು ಆಟ ಐತೆ ಕಣಮ್ಮ. ನೋಡೋಕೆ ಸರಿಯಿಲ್ಲದ ಸೈನ್ಯಾನ ಆ ಮ್ಯಾನೇಜರು ಮೇಜು ಹತ್ತಿಸಲ್ಲ. ಈ ಸಲಾನೂ ಸೋತ್ರೆ ನಾನು ಆಟಾನೇ ಬಿಟ್ಟುಬಿಡ್ತೀನಿ.”

ಎಪ್ಪತ್ತು ದಾಟಿದವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು. “ಕುದುರೆ ನಾನು ಆರಿಸ್ತೀನಿ, ನೀವು ಸುಮ್ನೆ ಕೂರಿ,” ಅಂದುಬಿಟ್ಟೆ. ನಾನು ಅಲ್ಲಿಯವರೆಗೆ ಕುದುರೆಯನ್ನು ಹತ್ತಿರದಿಂದ ನೋಡಿದ್ದು ಒಂದೇ ಸಲ, ಮದುವೆ ಮೆರವಣಿಗೆಯಲ್ಲಿ. ಅದೂ ಹಿಂದಿನಿಂದ.

ದೊಡ್ಡದೇ ಒಳ್ಳೇದು

ಗೊಂಬೆ ಕೂರಿಸುವವರ ಲೆಕ್ಕ ಸುಲಭ. ಎಲ್ಲಕ್ಕಿಂತ ದೊಡ್ಡದಕ್ಕೇ ಹೆಚ್ಚು ಮರ್ಯಾದೆ. ಭಾರಿ ರಾವುತನಿಗೆ ಭಾರಿ ಕುದುರೆ ಅಂತ ಎಲ್ಲಕ್ಕಿಂತ ಎತ್ತರದವನ್ನು ತರಿಸಿದೆ. ರಾವುತ ಆನೆ ಮೇಲೆ ಕೂತ ಕೂಸಿನ ಹಾಗೆ ಕಂಡ.

ಮೇಷ್ಟ್ರು ಬಹಳ ಹೊತ್ತು ನೋಡಿ, “ಚೆನ್ನಾಗೈತಮ್ಮ. ಹತ್ತೋಕೆ ಒಂದು ಏಣಿನೂ ಮಾಡಿಕೊಡ್ತೀಯಾ?” ಅಂದರು.

ನಾನು ಅಷ್ಟಕ್ಕೆ ಬಿಡುವವಳೇ? ಅವರ ಮನೆಯ ದಪ್ಪ ಯುದ್ಧ ಚರಿತ್ರೆ ಪುಸ್ತಕ ತಂದು ನಾಲ್ಕು ದಿನ ಕೂತು ಓದಿದೆ. ಪಕ್ಕದಲ್ಲಿ ನಿಂತ ಕಾಲಾಳಿನ ಗದ್ದದ ಮಟ್ಟಕ್ಕೆ ಕುದುರೆಯ ಹೆಗಲು ಬಂದರೆ ಸಾಕಂತೆ. ಕವಚ ಹೊರುವ ಕುದುರೆಗೆ ಬೇಕಾದ್ದು ಎತ್ತರವಲ್ಲ, ಕಸುವು. ಮೇಷ್ಟ್ರಿಗೆ ಹೋಗಿ ಪಾಠ ಒಪ್ಪಿಸಿದೆ.

“ಭಲೇ! ಆ ಪುಸ್ತಕ ಇಪ್ಪತ್ತು ವರ್ಷದಿಂದ ನನ್ನ ಹತ್ರಾನೇ ಐತೆ,” ಅಂದರು.

“ಮತ್ತೆ ಓದಿರಲಿಲ್ವೇನ್ರಿ?”

“ಚಿತ್ರ ನೋಡಿದ್ದೆ.”

ಕುರಿ ದಲ್ಲಾಳಿಯ ಹೆಬ್ಬೆರಳು

ಗದ್ದದ ಮಟ್ಟದ ಕುದುರೆಗಳನ್ನೇ ನಾಲ್ಕಾರು ಕಡೆಯಿಂದ ತರಿಸಿ ಮೇಜಿನ ಮೇಲೆ ಸುರಿದುಕೊಂಡೆ. ಎತ್ತರ ಎಲ್ಲದರದ್ದೂ ಸರಿ. ಕಸುವು ಯಾವುದರಲ್ಲಿದೆ? ಪುಸ್ತಕ ಅಲ್ಲಿಗೆ ನಿಂತುಹೋಗಿತ್ತು. ಅದೇ ಹೊತ್ತಿಗೆ ಕುರಿಗಳ ಮೈಮೇಲೆ ಗುರುತು ಹಾಕುವ ಕೆಂಪು ಬಣ್ಣ ಕೇಳಿಕೊಂಡು ನಮ್ಮ ಸಂತೆಯ ಕುರಿ ದಲ್ಲಾಳಿ ಬಂದ. ಯಾರನ್ನೂ ಕೇಳದೆ ಒಂದು ಕುದುರೆ ಎತ್ತಿಕೊಂಡು ಬೆನ್ನು ಒತ್ತಿದ, ಎದೆ ಸವರಿದ, ಉಗುರಿನಿಂದ ಬಾಯಿ ಬಿಡಿಸಲು ನೋಡಿದ.

“ಹಲ್ಲು ಕಾಣಂಗಿಲ್ಲ ಅಕ್ಕ. ಆದ್ರೆ ಮೊಣಕಾಲಿನ ಕೆಳಗೆ ಮೂಳೆ ದಪ್ಪ ಐತೆ. ಇದು ಹೊರ್ತೈತೆ.”

ಹೀಗೆ ಹನ್ನೆರಡು ಆರಿಸಿದ. ರಾವುತರನ್ನು ಕೂರಿಸಿದೆ. ಕುದುರೆಯೂ ರಾವುತನೂ ಒಂದೇ ತಾಯಿ ಹೆತ್ತ ಹಾಗೆ ಹೊಂದಿಕೊಂಡರು! ನಾನು ನಾಲ್ಕು ದಿನ ಓದಿ ಅರ್ಧ ದಾರಿ ಹೋಗಿದ್ದೆ. ಅವನ ಹೆಬ್ಬೆರಳು ಉಳಿದರ್ಧವನ್ನು ನಿಂತ ನಿಲುವಿನಲ್ಲೇ ದಾಟಿತ್ತು. ಖುಷಿಯಿಂದ ಟೀ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಹನ್ನೆರಡು ಕುದುರೆಗಳ ಹಿಂಭಾಗಕ್ಕೂ ಕೆಂಪು ಬಣ್ಣ ಬಿದ್ದಿತ್ತು.

“ಏನಣ್ಣ ಇದು, ಹಾಳು ಮಾಡಿದ್ಯಲ್ಲ!”

“ಗುರುತು ಹಾಕ್ದೆ ಬಿಟ್ರೆ ಮಂದೇಲಿ ಬೆರೆತು ಹೋಗ್ತಾವಕ್ಕ.”

ಟವೆಲಿನ ಕೆಳಗೆ

ಆ ಕೆಂಪು ಕಾಣದ ಹಾಗೆ ಕುದುರೆಗೂ ರಾವುತರಿಗೂ ಬಣ್ಣ ಹಚ್ಚಿ ಮುಗಿಸಿದೆ. ಆಟದ ದಿನ ಮೂವರೂ ಮೊಳಕಾಲ್ಮೂರಿನ ಮ್ಯಾನೇಜರ ಮನೆಗೆ ಹೋದೆವು. “ನಾನು ಆರಿಸಿದ್ದು ಹೆಂಗೆ ಓಡ್ತಾವೋ ನೋಡ್ಬೇಕು,” ಅಂತ ದಲ್ಲಾಳಿಯೂ ಬಸ್ಸು ಹತ್ತಿದ್ದ. ಮ್ಯಾನೇಜರು ಪ್ರತಿ ಕುದುರೆಯ ಪಕ್ಕ ಒಬ್ಬೊಬ್ಬ ಕಾಲಾಳನ್ನು ನಿಲ್ಲಿಸಿ, ಭೂತಗನ್ನಡಿ ಹಿಡಿದು ನೋಡಿದರು. ನನ್ನ ಎದೆ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು. ಕೊನೆಗೆ ತೆಲುಗು ಬೆರೆಸಿ, “ಬಾಗುಂದಮ್ಮಾ, ಬಲು ಚೆನ್ನಾಗೈತೆ! ಯಾರು ಆರಿಸಿದ್ದು?” ಅಂದರು. ಹೆಸರಲ್ಲಿ ಪಾಲು ಕೊಟ್ಟು ನನಗೆ ಅಭ್ಯಾಸವಿಲ್ಲ. ಆದರೂ ದಲ್ಲಾಳಿಯ ಕಡೆ ಕೈ ತೋರಿಸಿದೆ.

ಆದರೆ ದಾಳಕ್ಕೆ ಕುದುರೆಯ ಕಸುವು ಗೊತ್ತೇ? ಮೇಷ್ಟ್ರಿಗೆ ಒಂದು, ಎರಡೇ ಬೀಳುತ್ತಿತ್ತು. ಈ ಆಟದಲ್ಲಿ ಯಾರ ಸೇನಾಪತಿ ಬೀಳುತ್ತಾನೋ ಅವರು ಸೋತಂತೆ. ಮ್ಯಾನೇಜರ ಸೇನಾಪತಿ ಬಿಳಿ ಕುದುರೆ ಮೇಲೆ ನೆಮ್ಮದಿಯಾಗಿ ಕೂತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಅವರ ಮುಖ ನೋಡಲಾರದೆ ಕಿಟಕಿ ನೋಡಿದೆ.

ದಲ್ಲಾಳಿಗೆ ಯುದ್ಧ ಬೇಕಿರಲಿಲ್ಲ. ಅವನ ಕಣ್ಣು ಬಿಳಿ ಕುದುರೆಯಿಂದ ಕದಲಿರಲಿಲ್ಲ. ಹೆಗಲ ಟವೆಲನ್ನು ಕೈಮೇಲೆ ಹಾಕಿಕೊಂಡು ಮ್ಯಾನೇಜರ ಕಡೆ ಚಾಚಿದ. ಕುಶಲ ಕೇಳುತ್ತಿದ್ದಾನೆ ಅಂದುಕೊಂಡು ಅವರೂ ಟವೆಲ್ ಕೆಳಗೆ ಕೈ ಕೊಟ್ಟರು. ಇವನು ಬೆರಳು ಒತ್ತಿದ, ಅವರೂ ನಗುನಗುತ್ತಾ ಒತ್ತಿದರು. ಇನ್ನೊಮ್ಮೆ ಒತ್ತಿದ, ಅವರೂ ಒತ್ತಿದರು. ದಲ್ಲಾಳಿ ಕೈ ಕುಲುಕಿ, ಸೇನಾಪತಿಯನ್ನು ಮೆಲ್ಲಗೆ ಎತ್ತಿ ಮೇಜಿನ ಮೇಲೆ ಮಲಗಿಸಿ, ಬಿಳಿ ಕುದುರೆಯನ್ನು ಜೇಬಿಗಿಳಿಸಿದ.

“ವ್ಯಾಪಾರ ಆತು ಸ್ವಾಮಿ.”

ಮ್ಯಾನೇಜರು ಕಂಗಾಲಾದರು. ಕುರಿ ಸಂತೆಯಲ್ಲಿ ಬೇರೆಯವರಿಗೆ ತಿಳಿಯದ ಹಾಗೆ ಟವೆಲ್ ಕೆಳಗೆ ಬೆರಳೊತ್ತಿಯೇ ಬೆಲೆ ಹೇಳುವುದು, ಕೈ ಕುಲುಕಿದರೆ ಮಾಲು ಕೊಟ್ಟಂತೆ ಅಂತ ನಾನೇ ಬಿಡಿಸಿ ಹೇಳಿದೆ. ಅವರು ಮಲಗಿದ ಸೇನಾಪತಿಯನ್ನೇ ನೋಡಿದರು. ದೊಡ್ಡ ಮನುಷ್ಯ! “ಕೈ ಕೊಟ್ಟ ಮೇಲೆ ಮಾತು ಮಾತೇ. ಸೇನಾಪತಿ ಬಿದ್ದ. ಮೇಷ್ಟ್ರೇ, ನೀವೇ ಗೆದ್ರಿ,” ಅಂದರು. ಮೇಷ್ಟ್ರು ಎದ್ದು ನಿಂತು ಹನ್ನೆರಡು ರಾವುತರಿಗೂ ಸಲಾಮು ಹೊಡೆದರು.

ಹೊರಡುವಾಗ ಮ್ಯಾನೇಜರು ದಲ್ಲಾಳಿಯನ್ನು ಬಾಗಿಲಲ್ಲಿ ತಡೆದು ಮೆಲ್ಲಗೆ ಕೇಳಿದರು: “ಅಲ್ಲಪ್ಪಾ, ನಾನು ಅದನ್ನ ಎಷ್ಟಕ್ಕೆ ಮಾರಿದೆ?”

ದಲ್ಲಾಳಿ ಅತ್ತಿತ್ತ ನೋಡಿ, “ಟವೆಲ್ ಕೆಳಗಿನ ಮಾತನ್ನ ಹಿಂಗೆ ನಾಲ್ಕು ಜನದ ಮುಂದೆ ಕೇಳಬಾರ್ದು ಸ್ವಾಮಿ,” ಅಂದ.